ಹತ್ತಿರದ ತೋಟಕ್ಕೂ ನೀರು: ಬಹರೈನಿಗೆ ಹೊಸದಾಗಿ ಬಂದ ಕನ್ನಡದವರಿಗೆ

ಸಿಪಿಆರ್ ಕಾರ್ಡು, ಅಂದರೆ ಇಲ್ಲಿಯ ಗುರುತಿನ ಚೀಟಿ, ಕೈಗೆ ಬಂದ ಮೇಲೆ ಸಿಮ್ಮು, ಬ್ಯಾಂಕು, ಬಾಡಿಗೆ ಮನೆ ಎಲ್ಲ ಒಂದೊಂದಾಗಿ ಆಗುತ್ತದೆ. ಕಾರ್ಡು ಯಾವಾಗಲೂ ಜೇಬಿನಲ್ಲಿರಲಿ. ಅವಧಿ ಮುಗಿಯುವ ತಾರೀಕು ಬರೆದಿಟ್ಟುಕೊಳ್ಳಿ. ಉಳಿದದ್ದನ್ನು ಆಫೀಸಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ.

ನಾನು ಬರೆಯಲು ಕೂತದ್ದು ಬೇರೆ ವಿಷಯಕ್ಕೆ. ಇಲ್ಲಿಗೆ ಬಂದು 19 ವರ್ಷ ಆಯಿತು. ಅದರಲ್ಲಿ ಮೊದಲ 9 ವರ್ಷ ನಾನು ಈ ದ್ವೀಪವನ್ನು ನೋಡಲೇ ಇಲ್ಲ. ಫ್ಲ್ಯಾಟು, ಆಫೀಸು, ಮಾಲು, ಶುಕ್ರವಾರ ದೇವಸ್ಥಾನ, ಆಗಾಗ ಕನ್ನಡ ಸಂಘದ ಕಾರ್ಯಕ್ರಮ. ಅಷ್ಟೇ ನನ್ನ ಓಡಾಟ. "ಚಿಕ್ಕ ದೇಶ ಮಾರಾಯ, ಒಂದು ಗಂಟೆ ಕಾರು ಬಿಟ್ಟರೆ ಮುಗೀತು, ನೋಡ್ಲಿಕ್ಕೆ ಏನುಂಟು" ಅಂತ ಹೊಸಬರಿಗೆಲ್ಲ ಹೇಳುತ್ತಿದ್ದೆ. ಆ ಮಾತು ಕೇಳಿ ಎಷ್ಟು ಜನ ಮನೆಯಲ್ಲೇ ಕೂತರೋ ಏನೋ. ಅದನ್ನು ನೆನೆದರೆ ಈಗಲೂ ನೋವಾಗುತ್ತದೆ.

ಮಗಳು ಮೂರನೇ ಕ್ಲಾಸಿನಲ್ಲಿದ್ದಾಗ ಶಾಲೆಯಲ್ಲಿ 'ನನ್ನ ಊರು' ಅಂತ ಹತ್ತು ಸಾಲು ಬರೆಯಲು ಹೇಳಿದ್ದರು. ನಾನು ಖುಷಿಯಿಂದ ಕಾರ್ಕಳದ ಬಗ್ಗೆ ಬರೆಸಿದೆ. ಗೊಮ್ಮಟ, ಆನೆಕೆರೆ, ಮಳೆಗಾಲ. ಮರುದಿನ ಅವಳು ಅದೇ ಪುಸ್ತಕ ಹಿಡಿದುಕೊಂಡು ಬಂದಳು. "ಅಪ್ಪಾ, 'ನೀನು ಹುಟ್ಟಿದ್ದೆಲ್ಲಿ' ಅಂತ ಟೀಚರ್ ನನ್ನನ್ನು ಕೇಳಿದರು. ಇಲ್ಲೇ ಅಂದೆ. ಹಾಗಾದರೆ ಇಲ್ಲಿಯದ್ದೂ ಬರಿ ಅಂದರು. ಇಲ್ಲಿ ಏನುಂಟು?"

ನನ್ನ ಬಾಯಿಂದ ಒಂದು ಸಾಲು ಹೊರಡಲಿಲ್ಲ.

ಆಫೀಸಿನಲ್ಲಿ ಇಲ್ಲಿಯವರೇ ಆದ ಹಿರಿಯರೊಬ್ಬರು ಇದ್ದರು. ಅವರಿಗೆ ಇದನ್ನು ಹೇಳಿದೆ. ಅವರು ಬೈಯಲಿಲ್ಲ. ಇಲ್ಲಿಯದೇ ಒಂದು ಗಾದೆ ಹೇಳಿದರು. ಅಧಾರಿ ಅಂತ ಒಂದು ದೊಡ್ಡ ಒರತೆ ಇತ್ತು. ಅದರ ನೀರು ಕಾಲುವೆಯಲ್ಲಿ ಹರಿದು ದೂರದ ಖರ್ಜೂರದ ತೋಟಗಳಿಗೆ ಹೋಗುತ್ತಿತ್ತು, ಪಕ್ಕದ ನೆಲಕ್ಕೆ ಸಿಗುತ್ತಿರಲಿಲ್ಲ. "ಅಧಾರಿಯ ಹಾಗೆ, ದೂರದ್ದಕ್ಕೆ ನೀರುಣಿಸಿ ಹತ್ತಿರದ್ದನ್ನು ಬಿಡುತ್ತದೆ" ಅನ್ನುತ್ತಾರೆ. ಊರಲ್ಲಿ ಮನೆ ಕಟ್ಟಿಸಿದ್ದೆ, ಬೋರ್‌ವೆಲ್ ತೆಗೆಸಿದ್ದೆ, ತಂಗಿಯ ಮದುವೆ ಮಾಡಿದ್ದೆ. ಅದರಲ್ಲಿ ತಪ್ಪಿಲ್ಲ. ಆದರೆ ನನ್ನ ಮಗು ಕಾಲೂರಿ ನಿಂತಿದ್ದ ನೆಲಕ್ಕೆ ಒಂದು ಚೊಂಬು ನೀರು ಹಾಕಿರಲಿಲ್ಲ. ಅಧಾರಿಯ ಒರತೆ ಈಗ ಬತ್ತಿದೆ. ಅಲ್ಲೊಂದು ಮನರಂಜನೆಯ ಪಾರ್ಕು ಇದೆ. ಮಕ್ಕಳನ್ನು ಜಾರುಬಂಡೆ ಆಡಿಸಲು ಹೋದಾಗ ಈ ಗಾದೆಯನ್ನೂ ಹೇಳಿ.

ಮೊದಲು ನೋಡಬೇಕಾದದ್ದು ಕಲಾತ್ ಅಲ್ ಬಹರೈನ್ ಕೋಟೆ. ಇಲ್ಲಿಯೂ ನಾನು ಎಡವಿದ್ದೇನೆ. ಒಮ್ಮೆ ಊರಿಂದ ಬಂದ ನೆಂಟರನ್ನು ಆಗಸ್ಟ್ ತಿಂಗಳ ಮಧ್ಯಾಹ್ನ 12 ಗಂಟೆಗೆ ಕರೆದುಕೊಂಡು ಹೋದೆ. ಹತ್ತು ನಿಮಿಷ ನಿಲ್ಲಲು ಆಗಲಿಲ್ಲ. ಅವರಿಗೆ ಈ ದ್ವೀಪ ಅಂದರೆ ಇವತ್ತಿಗೂ ಆ ಬಿಸಿಲೇ. ನೀವು ನವೆಂಬರ್‌ನಿಂದ ಮಾರ್ಚ್ ಒಳಗೆ ಹೋಗಿ, ಸೂರ್ಯ ಮುಳುಗುವ ಒಂದು ಗಂಟೆ ಮೊದಲು. ಮೇಲೆ ಕಾಣುವ ಗೋಡೆಗಳಲ್ಲಿ ಪೋರ್ಚುಗೀಸರ ಕಾಲದ ಕಟ್ಟಡ ಇದೆ. ಆದರೆ ನಿಜವಾದ ಊರು ಇರುವುದು ಅದರ ಕೆಳಗಿನ ದಿಬ್ಬದಲ್ಲಿ. ಕ್ರಿ.ಪೂ. 2300ರ ಸುಮಾರಿನಿಂದ ಜನ ಮನೆಯ ಮೇಲೆ ಮನೆ ಕಟ್ಟುತ್ತ ಬಂದು ಎದ್ದ ದಿಬ್ಬ ಅದು. ದಿಲ್ಮುನ್ ಅಂತ ಹೆಸರಿದ್ದ ನಾಡಿನ ರಾಜಧಾನಿ. 1950ರ ದಶಕದಲ್ಲಿ ಡೆನ್ಮಾರ್ಕಿನವರು ಅಗೆದಾಗ ಸಿಂಧೂ ಕಣಿವೆಯ ಅಳತೆಗೆ ಸರಿಹೊಂದುವ ತೂಕದ ಕಲ್ಲುಗಳು ಸಿಕ್ಕವು. ಅಂದರೆ ನಮ್ಮ ಕಡೆಯ ಅಳತೆ 4000 ವರ್ಷಗಳ ಹಿಂದೆಯೇ ಇಲ್ಲಿಯ ತಕ್ಕಡಿಯಲ್ಲಿತ್ತು.

ಒಂದು ಜನವರಿಯಲ್ಲಿ ಅಮ್ಮ ವಿಸಿಟ್ ವಿಸಾದಲ್ಲಿ ಬಂದಿದ್ದರು. ಕೋಟೆಯ ಮ್ಯೂಸಿಯಮ್ಮಿನಲ್ಲಿ ಸುಮ್ನೆ ನಡೆಯುತ್ತಿದ್ದವರು ಒಂದು ಗಾಜಿನ ಮುಂದೆ ನಿಂತುಬಿಟ್ಟರು. ಒಳಗೆ ಅಂಗೈಯಷ್ಟು ದೊಡ್ಡ ಮಣ್ಣಿನ ಬೋಗುಣಿ. ಅದರೊಳಗೆ ನೂಲಿನ ಹಾಗೆ ಸಣ್ಣ ಸಣ್ಣ ಎಲುಬು. ನಾನು ಫಲಕ ಓದಿ ಹೇಳಿದೆ: ಸುಮಾರು 2500 ವರ್ಷಗಳ ಹಿಂದೆ ಇಲ್ಲಿಯ ಜನ ಹಾವನ್ನು ಹೀಗೆ ಬೋಗುಣಿಯಲ್ಲಿಟ್ಟು, ಕೆಲವೊಮ್ಮೆ ಜೊತೆಗೆ ಒಂದು ಮಣಿಯನ್ನೂ ಇಟ್ಟು, ಅರಮನೆಯ ನೆಲದಡಿ ಹೂಳುತ್ತಿದ್ದರು. ಅಮ್ಮ ಚಪ್ಪಲಿ ಕಳಚಿ ಪಕ್ಕಕ್ಕಿಟ್ಟು ಕೈ ಮುಗಿದರು. ಕಾವಲಿನವನು ಹತ್ತಿರ ಬಂದ. ಏನಾದರೂ ಅಂದಾನು ಅಂತ ನನಗೆ ಹೆದರಿಕೆ. ಅವನು ಅಮ್ಮನ ಮುಖ ನೋಡಿ ಎರಡು ಹೆಜ್ಜೆ ಹಿಂದೆ ಸರಿದು ನಿಂತ.

"ಇವರಿಗೂ ನಾಗ ಉಂಟಲ್ವಾ ಮಗಾ" ಅಂದರು ಅಮ್ಮ. ನಾವು ತುಳುನಾಡಿನವರು. ಸತ್ತ ನಾಗರಹಾವು ಕಣ್ಣಿಗೆ ಬಿದ್ದರೆ ಮನುಷ್ಯರಿಗೆ ಮಾಡುವ ಹಾಗೆ ಸಂಸ್ಕಾರ ಮಾಡಿಸುತ್ತೇವೆ. ಇವರು ಯಾವ ನಂಬಿಕೆಯಿಂದ ಹಾಗೆ ಮಾಡಿದರೋ, ಅಮ್ಮನಿಗೆ ಆ ಪ್ರಶ್ನೆ ಬರಲೇ ಇಲ್ಲ. ಮನೆಗೆ ಬರುವಾಗ ಕಾರಿನಲ್ಲಿ ಹೇಳಿದರು, "ಇನ್ನು ನೀನು ಇಲ್ಲಿದ್ದರೆ ನನಗೆ ಚಿಂತೆ ಇಲ್ಲ." ನಾನು 10 ವರ್ಷದಿಂದ ಫೋನಿನಲ್ಲಿ ಕೊಡಲು ನೋಡಿದ್ದ ಧೈರ್ಯವನ್ನು ಆ ಬೋಗುಣಿ ಕೊಟ್ಟಿತು.

ದಕ್ಷಿಣದ ಮರಳುಗಾಡಿನಲ್ಲಿ ಒಂಟಿಯಾಗಿ ನಿಂತಿರುವ 'ಜೀವವೃಕ್ಷ'ದ ಫೋಟೊ ನೀವು ನೋಡಿರುತ್ತೀರಿ. ಸುಮಾರು 400 ವರ್ಷ ಹಳೆಯ ಮರ. ನಮ್ಮವರು ಕಾರಿಳಿದು, ಫೋಟೊ ತೆಗೆದು, ಹೊರಟುಬಿಡುತ್ತಾರೆ. ಸ್ವಲ್ಪ ಹತ್ತಿರ ಹೋಗಿ ಎಲೆ ನೋಡಿ. ಅದು ಶಮೀ ವೃಕ್ಷ. ವಿಜಯದಶಮಿಗೆ ನಾವು ನೆನೆಯುವ ಶಮೀ, ಪಾಂಡವರು ಆಯುಧ ಬಚ್ಚಿಟ್ಟ ಮರ. ಇದು ಗೊತ್ತಾದ ಮೇಲೆ ದಸರಾ ಸಮಯದಲ್ಲಿ ಒಮ್ಮೆ ಅಲ್ಲಿಗೆ ಹೋಗಿ ನಿಂತು ಬರುತ್ತೇವೆ. ಎಲೆ ಕೀಳಬೇಡಿ, ಕೊಂಬೆ ಮುಟ್ಟಬೇಡಿ. ಅಷ್ಟು ವರ್ಷ ಆ ಬಿಸಿಲಿನಲ್ಲಿ ಬದುಕಿದ ಜೀವ ಅದು.

ಮುಹರ್ರಕ್ ಬೇರೆಯದೇ ಒಂದು ದ್ವೀಪ, ಸೇತುವೆ ದಾಟಿದರೆ ಸಿಗುತ್ತದೆ. ವಿಮಾನ ನಿಲ್ದಾಣ ಇರುವುದೂ ಅಲ್ಲೇ. ನಾವೆಲ್ಲ ಮೊದಲು ಕಾಲಿಟ್ಟದ್ದು ಆ ಊರಿಗೆ, ಆದರೆ ಎಷ್ಟೋ ಜನ ಮತ್ತೆ ಅಲ್ಲಿಗೆ ಹೋಗುವುದು ವಾಪಸ್ ವಿಮಾನ ಹತ್ತಲು ಮಾತ್ರ. ಅಲ್ಲಿ ಮುತ್ತಿನ ವ್ಯಾಪಾರಿಗಳ, ಸಮುದ್ರದಲ್ಲಿ ಮುಳುಗಿ ಮುತ್ತು ತೆಗೆಯುತ್ತಿದ್ದವರ ಹಳೆಯ ಮನೆಗಳನ್ನು ಸೇರಿಸಿ ಸುಮಾರು 3.5 ಕಿಲೋಮೀಟರ್ ಉದ್ದದ ನಡಿಗೆಯ ದಾರಿ ಮಾಡಿದ್ದಾರೆ. ಈ ಮುತ್ತಿನ ಪರಂಪರೆ 2012ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಕಿರಿದಾದ ಓಣಿ, ಕೆತ್ತಿದ ಬಾಗಿಲು, ಒಳಗೆ ಅಂಗಳ. ನಮ್ಮ ಗುತ್ತಿನ ಮನೆಯ ಅಂಗಳದಲ್ಲಿ ನಿಂತ ಹಾಗೆ ಆಗುತ್ತದೆ.

ನನ್ನನ್ನು ಅಲ್ಲಿ ಹಿಡಿದು ನಿಲ್ಲಿಸಿದ್ದು ಮುತ್ತಲ್ಲ, ಸಾಲ. ಮುಳುಗುವವರು ಬೇಸಿಗೆಯಲ್ಲಿ ನಾಲ್ಕು ತಿಂಗಳು ದೋಣಿಯ ಮೇಲೆ. ಮೂಗಿಗೆ ಕ್ಲಿಪ್ಪು, ಕಾಲಿಗೆ ಕಲ್ಲು ಕಟ್ಟಿ ಮುಳುಗುವುದು. ಹೋಗುವ ಮೊದಲೇ ಮನೆಯ ಖರ್ಚಿಗೆ ನಾಖುದಾ ಮುಂಗಡ ಕೊಡುತ್ತಿದ್ದ. ಸಿಕ್ಕಿದ ಮುತ್ತಿನಲ್ಲಿ ಅದು ತೀರದಿದ್ದರೆ ಮುಂದಿನ ವರ್ಷಕ್ಕೆ. ಅಪ್ಪ ಸತ್ತರೆ ಮಗನ ತಲೆಗೆ. ಹಡಗಿನ ಯಜಮಾನನಿಗೆ ನಮ್ಮ ಕರಾವಳಿಯಲ್ಲೂ ನಾಖುದಾ ಅಂತಲೇ ಹೇಳುತ್ತಾರೆ, ಅಲ್ವಾ? ನಾನು ಬಂದದ್ದೂ ಏಜೆಂಟನಿಗೆ ಕೊಡಲು ಬಡ್ಡಿಗೆ ದುಡ್ಡು ತಂದು. ಮೊದಲ ಎರಡು ವರ್ಷದ ದುಡಿಮೆ ಅದಕ್ಕೇ ಹೋಯಿತು. ಈ ಊರಿನ ಅಜ್ಜಂದಿರೂ ನನ್ನ ಹಾಗೇ ಲೆಕ್ಕದ ಚೀಟಿ ನೋಡಿ ನಿದ್ದೆ ಕೆಟ್ಟವರು ಅಂತ ಗೊತ್ತಾದ ಮೇಲೆ, ಇವರು ಶ್ರೀಮಂತರು ನಾವು ಕೂಲಿಗಳು ಅನ್ನುವ ಕಹಿ ನನ್ನಲ್ಲಿ ಕಮ್ಮಿ ಆಯಿತು. ಜಪಾನಿನ ಸಾಕಿದ ಮುತ್ತು ಬಂದು 1930ರ ದಶಕದಲ್ಲಿ ಈ ಬದುಕು ಮುಳುಗಿತು. 1932ರಲ್ಲಿ ಎಣ್ಣೆ ಸಿಕ್ಕಿತು. ಆ ಎಣ್ಣೆಯಿಂದಲೇ ನಾವೂ ಇಲ್ಲಿದ್ದೇವೆ. ದೋಣಿಯ ಮೇಲೆ ಅವರು ಹಾಡುತ್ತಿದ್ದ ಹಾಡಿಗೆ ಫಿಜಿರಿ ಅನ್ನುತ್ತಾರೆ. ಕೈತಟ್ಟು, ಡೋಲು, ಜೊತೆಗೆ ಮಣ್ಣಿನ ಕೊಡ ಬಡಿಯುವುದು. ಈ ಹಾಡುಗಳ ಮನೆಯಾದ ದಾರ್ ಅಲ್ ಮುಹರ್ರಕ್‌ನಲ್ಲಿ ಕಾರ್ಯಕ್ರಮ ಇದ್ದರೆ ತಪ್ಪಿಸಬೇಡಿ. ಬರುವಾಗ ಅಲ್ಲಿಯ ಕೇಸರಿ ಹಾಕಿದ ಹಲ್ವಾ ತನ್ನಿ.

ರಾಜಧಾನಿ ಮನಾಮಾದ ಹಳೆಯ ಮಾರುಕಟ್ಟೆ, ಸೂಕ್‌ನ ಕೃಷ್ಣ ದೇವಸ್ಥಾನ ಎಲ್ಲರಿಗೂ ಗೊತ್ತು. ಸಿಂಧಿ ವ್ಯಾಪಾರಿಗಳು 1817ರಲ್ಲಿ ಕಟ್ಟಿದ್ದು. ಪೂಜೆ ಮುಗಿಸಿ ಸೀದಾ ಮನೆಗೆ ಹೋಗಬೇಡಿ, ಹಿಂದಿನ ಓಣಿಗಳಲ್ಲಿ ತಿರುಗಿ. ಅಂದ ಹಾಗೆ ಈ 'ಸೀದಾ' ಇಲ್ಲಿಯ ಅರೇಬಿಕ್‌ನಲ್ಲೂ ಇದೆ. ಫ್ಯಾನಿಗೆ 'ಬಂಕಾ', ಉಪ್ಪಿನಕಾಯಿಗೆ 'ಅಚಾರ್'. ನಾನು ಮಗಳಿಗೆ "ಅರೇಬಿಕ್ ಕಲಿತು ಏನು ಮಾಡ್ತೀ, ಪಾಸಾಗುವಷ್ಟು ಓದು ಸಾಕು" ಅಂತ ಹೇಳಿದ್ದೆ. ಎಂಥ ಮಾತು! ಪಕ್ಕದ ಮನೆಯ ಅಜ್ಜಿಯ ಜೊತೆ ಅವಳು ಮಾತಾಡಬಹುದಿದ್ದ ಎಷ್ಟು ವರ್ಷ ನನ್ನಿಂದ ಹಾಳಾಯಿತು.

ನಮ್ಮ ಬೀದಿಯ ರೊಟ್ಟಿ ಅಂಗಡಿಯಲ್ಲಿ ಒಂದು ಬೆಳಿಗ್ಗೆ ಅವಳು 100 ಫಿಲ್ಸ್ ನಾಣ್ಯ (1000 ಫಿಲ್ಸ್ ಅಂದರೆ ಒಂದು ದಿನಾರ್) ಚಾಚಿದಳು. ತಂದೂರಿನಿಂದ ರೊಟ್ಟಿ ತೆಗೆಯುತ್ತಿದ್ದವನು ನಾಣ್ಯ ನೋಡಿ "ರುಬಿಯಾ" ಅಂದ. "ಅಪ್ಪಾ, ಇವರು ರೂಪಾಯಿ ಅಂದರು!" ಸಾಲಿನಲ್ಲಿದ್ದ ಮುದುಕರೊಬ್ಬರು ನಕ್ಕು, ಹಿಂದಿ ಬೆರೆಸಿ ವಿವರಿಸಿದರು. 1965ರಲ್ಲಿ ದಿನಾರ್ ಬರುವ ತನಕ ಇಲ್ಲಿ ನಡೆಯುತ್ತಿದ್ದದ್ದು ರೂಪಾಯಿಯೇ. 10 ರೂಪಾಯಿಗೆ ಒಂದು ದಿನಾರ್ ಅಂತ ಬದಲಾಯಿಸಿದರು. ಹಾಗಾಗಿ ಇವತ್ತಿಗೂ 100 ಫಿಲ್ಸ್ ಅಂದರೆ ಒಂದು ರೂಪಾಯಿ. ಬಿಸಿ ರೊಟ್ಟಿಯನ್ನು ಎದೆಗೆ ಒತ್ತಿ ಹಿಡಿದುಕೊಂಡು ಅವಳು ದಾರಿಯುದ್ದಕ್ಕೂ "ರುಬಿಯಾ, ರುಬಿಯಾ" ಅನ್ನುತ್ತ ಬಂದಳು.

ಹಬ್ಬಗಳ ವಿಷಯಕ್ಕೆ ಬಂದರೆ ನನ್ನ ಹೆಂಡತಿ ನನಗಿಂತ ಜಾಣೆ. ಅವಳು ಗದಗದವಳು. ಬಕ್ರೀದ್ ಹಿಂದಿನ ಸಂಜೆ ಮಕ್ಕಳು ಸಣ್ಣ ಬುಟ್ಟಿಯಲ್ಲಿ ಬೆಳೆಸಿದ ಪೈರನ್ನು ಹಿಡಿದು, ಹಾಡು ಹೇಳುತ್ತ ಸಮುದ್ರಕ್ಕೆ ಎಸೆಯುತ್ತಾರೆ. ಹಿಯ್ಯಾ ಬಿಯ್ಯಾ ಅಂತ ಹೆಸರು. ಮೊದಲ ಸಲ ನೋಡಿದಾಗ ಅವಳು, "ಇದು ನಮ್ಮ ದಸರಾ ಘಟ್ಟದ ಸಸಿ ಇದ್ದ ಹಾಗೇ ಐತಲ್ರೀ" ಅಂದಳು. ಮರುವರ್ಷ ನಮ್ಮ ಬಾಲ್ಕನಿಯಲ್ಲೂ ಒಂದು ಬುಟ್ಟಿಯಲ್ಲಿ ಹೆಸರುಕಾಳು ಮೊಳೆಯಿತು. ರಂಜಾನಿನ ನಡುವಿನಲ್ಲಿ ಗರ್‌ಗಾಊನ್ ಬರುತ್ತದೆ. ಮಕ್ಕಳು ಮನೆ ಮನೆಗೆ ಬಂದು ಹಾಡುತ್ತಾರೆ. ಕಡಲೆಬೀಜ, ಮಿಠಾಯಿ ತಂದಿಟ್ಟುಕೊಳ್ಳಿ. ಬಾಗಿಲು ತೆರೆಯಿರಿ. ನಾವು ಎಷ್ಟೋ ವರ್ಷ ಯಾರೋ ಏನೋ ಅಂತ ಲೈಟು ಆರಿಸಿ ಕೂತಿದ್ದೆವು.

ಮೊಹರಂನಲ್ಲಿ ಮನಾಮಾದ ಹಳೆಯ ಓಣಿಗಳಲ್ಲಿ ಮೆರವಣಿಗೆ ನಡೆಯುತ್ತದೆ. ಗದಗ, ರಾಯಚೂರು ಕಡೆಯವರಿಗೆ ಮೊಹರಂ ಅಂದರೆ ಹೆಜ್ಜೆ ಕುಣಿತ, ಪದ, ಊರಿನವರೆಲ್ಲ ಸೇರುವ ಅಲಾವಿಯ ಬೆಂಕಿ. ಇಲ್ಲಿ ಅದು ಶೋಕ. ಇದು ಅರ್ಥವಾಗದೆ ನಾನು ಜಾತ್ರೆಯಲ್ಲಿ ನಿಂತ ಹಾಗೆ ಮೊಬೈಲು ಎತ್ತಿ, ಅಳುತ್ತಿದ್ದವರ ವಿಡಿಯೋ ತೆಗೆಯತೊಡಗಿದೆ. ಒಬ್ಬ ಹಿರಿಯರು ಬಂದು ನನ್ನ ಮಣಿಕಟ್ಟನ್ನು ಮೆತ್ತಗೆ ಹಿಡಿದು ಕೆಳಗಿಳಿಸಿದರು. ಒಂದು ಮಾತೂ ಆಡಲಿಲ್ಲ. ಆಮೇಲೆ ಅವರೇ ಒಂದು ತಟ್ಟೆ ಅನ್ನ ತಂದು ಕೈಗಿಟ್ಟರು. ಆ ಅನ್ನ ನುಂಗುವುದು ನನಗೆ ಕಷ್ಟವಾಯಿತು. ಅಲ್ಲಿಗೆ ಹೋದರೆ ಬದಿಯಲ್ಲಿ ನಿಲ್ಲಿ, ಮೊಬೈಲು ಜೇಬಿನಲ್ಲಿರಲಿ, ಊಟ ಕೊಟ್ಟರೆ ಬೇಡ ಅನ್ನಬೇಡಿ. ಸಸ್ಯಾಹಾರಿಗಳಾದರೆ ಎದೆಯ ಮೇಲೆ ಕೈಯಿಟ್ಟು ನೀರು ಕೇಳಿ.

ಒಂದು ಮಾತು ಸ್ಪಷ್ಟವಾಗಿ ತಿಳಿದಿರಲಿ. ಇಲ್ಲಿ ಹುಟ್ಟಿದರೂ ನಮ್ಮ ಮಕ್ಕಳು ಇಲ್ಲಿಯ ಪ್ರಜೆಗಳಾಗುವುದಿಲ್ಲ. ನಮ್ಮ ಕೆಲಸ ಮುಗಿದ ದಿನ ಅವರ ಊರೂ ಮುಗಿಯುತ್ತದೆ. ಆಮೇಲೆ ಹುಟ್ಟಿದ ಊರನ್ನು ನೋಡಲು ಅವರು ವಿಸಾ ತೆಗೆಯಬೇಕು. ನಾನು ಬಿಟ್ಟುಬಂದ ಊರು ನನಗೆ ಇವತ್ತಿಗೂ ಇದೆ. ಯಾವಾಗ ಬೇಕಾದರೂ ಬಸ್ಸಿಳಿದು ಮನೆಗೆ ನಡೆದು ಹೋಗಬಹುದು. ಅವರಿಗೆ ಆ ಭಾಗ್ಯ ಇಲ್ಲ. "ಹೇಗೂ ಬಿಟ್ಟು ಹೋಗುವುದಲ್ವಾ, ಹಚ್ಚಿಕೊಳ್ಳುವುದು ಯಾಕೆ" ಅಂತ ನನ್ನ ಗೆಳೆಯರು ಕೇಳುತ್ತಾರೆ. ನಾನೂ 9 ವರ್ಷ ಹಾಗೇ ಇದ್ದೆ. ಹಚ್ಚಿಕೊಳ್ಳದೆ ಇದ್ದದ್ದರಿಂದ ನನಗೆ ಯಾವ ನೋವೂ ತಪ್ಪಲಿಲ್ಲ.

ಮಗಳು ಹೋದ ವರ್ಷ ಕಾಲೇಜಿಗೆ ಅಂತ ಮಂಗಳೂರಿಗೆ ಹೋದಳು. ಹೊರಡುವ ವಾರ ಆಲಿ ಊರಿಗೆ ಕರೆದುಕೊಂಡು ಹೋಗು ಅಂದಳು. ಅಲ್ಲಿ 4000 ವರ್ಷ ಹಳೆಯ ಸಮಾಧಿಯ ದಿಬ್ಬಗಳಿವೆ, ಮನೆಗಳ ನಡುವೆಯೇ, ಗುಡ್ಡದ ಹಾಗೆ. ದ್ವೀಪದ 11,774 ದಿಬ್ಬಗಳನ್ನು 2019ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿಸಿದರು. ಅದಕ್ಕೂ ಮೊದಲು ರಸ್ತೆಗೆ, ಮನೆಗಳಿಗೆ ಅಂತ ಎಷ್ಟೋ ಹೋಗಿವೆ. ಆ ದಿಬ್ಬಗಳ ಪಕ್ಕದಲ್ಲೇ ಕುಂಬಾರರ ಕೆಲಸ ಇವತ್ತಿಗೂ ನಡೆಯುತ್ತದೆ. ತಿರುಗುವ ಚಕ್ರದ ಮುಂದೆ ಅವಳು ಬಹಳ ಹೊತ್ತು ನಿಂತು, ಕೊನೆಗೆ ಮಣ್ಣಿನ ಒಂದು ಕಾಸಿನ ಹುಂಡಿ ತೆಗೆದುಕೊಂಡಳು. ಬಟ್ಟೆಯ ನಡುವೆ ಸುತ್ತಿ, ಒಡೆಯದ ಹಾಗೆ ಕೊಂಡೊಯ್ದಳು.

ಮೊನ್ನೆ ವಿಡಿಯೋ ಕಾಲಿನಲ್ಲಿ ಹುಂಡಿ ಅಲ್ಲಾಡಿಸಿ ತೋರಿಸಿದಳು. ರಜೆಗೆ ಬಂದಾಗ ಉಳಿದ ಚಿಲ್ಲರೆಯನ್ನೆಲ್ಲ ಅದರಲ್ಲಿ ಹಾಕುತ್ತಾಳಂತೆ. "23 ರೂಪಾಯಿ ಉಂಟು ಅಪ್ಪಾ." ಪಕ್ಕದಲ್ಲಿದ್ದ ರೂಮ್‌ಮೇಟ್ ಮೇಜಿನ ಮೇಲಿದ್ದ ಒಂದು ನಾಣ್ಯ ಎತ್ತಿ ನೋಡಿ, ಇದು ರೂಪಾಯಿ ಅಲ್ವಲ್ಲೇ ಅಂದಳು.

"ನಮ್ಮ ಊರಲ್ಲಿ ಇದಕ್ಕೆ ರೂಪಾಯಿ ಅಂತಲೇ ಹೇಳುವುದು" ಅಂದಳು ಮಗಳು.