ಡನಾಂಗ್‌ನಲ್ಲಿ ಮೂರು ತಿಂಗಳು ಇರಬೇಕು ಅನ್ನುವ ಮೈಸೂರಿನ ಹಿರಿಯ ದಂಪತಿಗೆ

ಮೊದಲು ಯಾವ ತಿಂಗಳು ಅನ್ನೋದನ್ನು ಗೊತ್ತು ಮಾಡಿಕೊಳ್ಳಿ. ಟಿಕೆಟ್ ದರ ಆಮೇಲೆ. ಡನಾಂಗ್ ಇರುವುದು ವಿಯೆಟ್ನಾಂನ ನಡುಭಾಗದ ಕರಾವಳಿಯಲ್ಲಿ. ಅಲ್ಲಿ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಮಳೆ, ಅದರಲ್ಲೂ ಅಕ್ಟೋಬರ್, ನವೆಂಬರ್ ಅಂದರೆ ಚಂಡಮಾರುತ, ಪ್ರವಾಹ ಎಲ್ಲ ಬರುವ ಕಾಲ. ಜೂನ್‌ನಿಂದ ಆಗಸ್ಟ್ ಬಿಸಿಲು ವಿಪರೀತ, ಮೈಸೂರಿನ ಹವೆಗೆ ಒಗ್ಗಿದ ಮೈಗೆ ಕಷ್ಟ. ಫೆಬ್ರವರಿಯಿಂದ ಏಪ್ರಿಲ್ ನಮ್ಮಂಥವರಿಗೆ ಸರಿಯಾದ ಸಮಯ. ಹೀಗೆ ಇಟ್ಟುಕೊಂಡರೆ ದಸರಾಕ್ಕೆ ಊರಲ್ಲೇ ಇರುತ್ತೀರಿ, ನವೆಂಬರ್‌ನಲ್ಲಿ ಕೊಡಬೇಕಾದ ಪಿಂಚಣಿಯ ಜೀವನ ಪ್ರಮಾಣಪತ್ರದ ಕೆಲಸವೂ ಇಲ್ಲೇ ಮುಗಿದಿರುತ್ತದೆ. ಒಂದು ವಿಷಯ ನೋಡಿಕೊಳ್ಳಿ: ಅವರ ಹೊಸ ವರ್ಷ ತೆತ್ 2027ರಲ್ಲಿ ಫೆಬ್ರವರಿ 6ಕ್ಕೆ ಬರುತ್ತದೆ. ಆ ಆಸುಪಾಸಿನಲ್ಲಿ ಅಂಗಡಿ ಮುಚ್ಚಿರುತ್ತವೆ, ಬಾಡಿಗೆ ಜಾಸ್ತಿ. ತೆತ್ ಕಳೆದ ಮೇಲೆ ಹೋಗಿ.

ವೀಸಾ ಕಷ್ಟವಲ್ಲ. 2023ರ ಆಗಸ್ಟ್ 15ರಿಂದ ವಿಯೆಟ್ನಾಂ 90 ದಿನದ ಇ-ವೀಸಾ ಕೊಡುತ್ತಿದೆ. ಒಂದು ಸಲ ಒಳಹೋಗಲು 25 ಡಾಲರ್, ಹೋಗಿ ಬಂದು ಮಾಡುವುದಕ್ಕೆ 50 ಡಾಲರ್, ತಿರಸ್ಕಾರವಾದರೆ ದುಡ್ಡು ವಾಪಸ್ ಇಲ್ಲ. ಗೂಗಲ್‌ನಲ್ಲಿ ಹುಡುಕಿದರೆ ಸರ್ಕಾರದ್ದೇ ಅನ್ನಿಸುವಂಥ ಏಜೆಂಟರ ಸೈಟುಗಳು ಸಿಗುತ್ತವೆ, ಅವಕ್ಕೆ ಸುಮ್ನೆ ಹೆಚ್ಚು ಕೊಡಬೇಡಿ. ವಿಳಾಸದ ಕೊನೆಯಲ್ಲಿ ಡಾಟ್ ಗವ್ ಡಾಟ್ ವಿಎನ್ ಇರಬೇಕು. ಹೆಸರು ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೇ, ಒಂದಕ್ಷರ ಆಚೀಚೆ ಆಗದಂತೆ ತುಂಬಿ. ನಮ್ಮ ಕಡೆಯವರಲ್ಲಿ ಇನಿಷಿಯಲ್ ಬಿಡಿಸಿ ಬರೆದಿರುವವರು, ಸರ್‌ನೇಮ್ ಖಾಲಿ ಇರುವವರು ಬಹಳ ಜನ ಇದ್ದಾರೆ, ತಪ್ಪಾಗುವುದು ಇಲ್ಲೇ. ಯಾವ ವಿಮಾನ ನಿಲ್ದಾಣದಲ್ಲಿ ಇಳಿಯುತ್ತೀರಿ ಅಂತಲೂ ಕೇಳುತ್ತದೆ. ಹೋ ಚಿ ಮಿನ್ ನಗರದಲ್ಲಿ ಇಳಿದು ಡನಾಂಗ್‌ಗೆ ಹೋಗುವವರು ಹೋ ಚಿ ಮಿನ್ ನಗರದ ನಿಲ್ದಾಣವನ್ನೇ ಆರಿಸಬೇಕು, ಏಕೆಂದರೆ ಇಮಿಗ್ರೇಷನ್ ಆಗುವುದು ಅಲ್ಲಿ. ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳಾದರೂ ಅವಧಿ ಇರಲಿ.

ಇನ್ನು ಮನೆ. ನನ್ನ ಮಟ್ಟಿಗೆ ಇಡೀ ವಾಸ ಚೆನ್ನಾಗಿ ಆಗುವುದೋ ಕೆಡುವುದೋ ಮನೆಯ ಮೇಲೆಯೇ ನಿಂತಿದೆ. ಮೈಸೂರಿನಲ್ಲಿ ಕೂತು ಫೋಟೋ ನೋಡಿ ಮೂರು ತಿಂಗಳ ದುಡ್ಡು ಕಳಿಸಬೇಡಿ. ಮೊದಲ ವಾರ ಹೋಟೆಲ್ ಹಿಡಿಯಿರಿ, ಆಮೇಲೆ ಇಬ್ಬರೂ ಹೋಗಿ ನಾಲ್ಕಾರು ಮನೆ ನೋಡಿ. ಮೀ ಖೇ ಬೀಚಿನ ಹತ್ತಿರ ಆನ್ ಥುವಾಂಗ್ ಅನ್ನುವ ಬೀದಿಗಳಲ್ಲಿ ವಿದೇಶದವರು ಜಾಸ್ತಿ, ಇಂಗ್ಲಿಷ್ ನಡೆಯುತ್ತದೆ, ಹೋಟೆಲುಗಳು ಕಾಲ್ನಡಿಗೆಯಲ್ಲೇ ಸಿಗುತ್ತವೆ. ಆದರೆ ಗಲಾಟೆಯೂ ಅಲ್ಲೇ. ಅದಕ್ಕೇ ಮನೆಯನ್ನು ಹಗಲು ಒಂದು ಸಲ, ರಾತ್ರಿ ಒಂಬತ್ತರ ಮೇಲೆ ಇನ್ನೊಂದು ಸಲ ನೋಡಬೇಕು. ಪಕ್ಕದಲ್ಲಿ ಕರೋಕೆ ಇದೆಯಾ, ಎದುರಿನ ಸೈಟಿನಲ್ಲಿ ಕಟ್ಟಡದ ಕೆಲಸ ನಡೀತಿದೆಯಾ, ಲಿಫ್ಟ್ ಇದೆಯಾ, ಬಚ್ಚಲಿನ ನೆಲ ಜಾರುತ್ತದೆಯಾ, ಹಾಸಿಗೆ ಕಲ್ಲಿನ ಹಾಗೆ ಗಟ್ಟಿಯಾ (ಅಲ್ಲಿ ಗಟ್ಟಿ ಹಾಸಿಗೆಯೇ ರೂಢಿ), ಅಡುಗೆಗೆ ಒಲೆ ಒಂದೋ ಎರಡೋ, ಎಲ್ಲ ನೋಡಿ. ಸಾಮಾನ್ಯವಾಗಿ ಒಂದು ತಿಂಗಳ ಬಾಡಿಗೆ ಮುಂಗಡ ಕೇಳುತ್ತಾರೆ, ಕರೆಂಟ್ ಯೂನಿಟ್ ಲೆಕ್ಕದಲ್ಲಿ ಬೇರೆ. ಒಳಗೆ ಹೋದ ದಿನವೇ ಮೀಟರಿನ ಫೋಟೋ ತೆಗೆದಿಟ್ಟುಕೊಳ್ಳಿ. ನಿಮ್ಮನ್ನು ಸ್ಥಳೀಯ ಪೊಲೀಸರಲ್ಲಿ ತಾತ್ಕಾಲಿಕ ವಾಸಿ ಎಂದು ನೋಂದಾಯಿಸುವುದು ಮನೆಯವರ ಜವಾಬ್ದಾರಿ. ಮಾಡಿಸಿದ್ದಾರಾ ಅಂತ ಕೇಳಿ, ಸಂಕೋಚ ಬೇಡ.

ಗಾಡಿಗಳು ಅಲ್ಲಿ ರಸ್ತೆಯ ಬಲಗಡೆ ಓಡುತ್ತವೆ. ದಾಟುವಾಗ ಅಭ್ಯಾಸಬಲದಿಂದ ಬಲಕ್ಕೆ ನೋಡುತ್ತೇವೆ, ಸ್ಕೂಟರ್ ಎಡದಿಂದ ಬಂದಿರುತ್ತದೆ. ಮೊದಲ ಕೆಲವು ದಿನ ಇಬ್ಬರೂ ಒಟ್ಟಿಗೇ ದಾಟಿ, ಒಂದೇ ವೇಗದಲ್ಲಿ, ನಡುವೆ ಹಿಂದಕ್ಕೆ ಹೆಜ್ಜೆ ಇಡದೆ. ಬಾಡಿಗೆ ಸ್ಕೂಟರ್ ಸುಲಭವಾಗಿ ಕೊಡುತ್ತಾರೆ, ನೀವು ತಗೋಬೇಡಿ. ಅಲ್ಲಿ ನಡೆಯುವ ಲೈಸೆನ್ಸ್ ಇಲ್ಲದೆ ಬಿದ್ದರೆ ವಿಮೆಯವರು ಕೈ ಎತ್ತುತ್ತಾರೆ. ಗ್ರ್ಯಾಬ್ ಆ್ಯಪ್‌ನಲ್ಲಿ ಕಾರು ಕರೆದರೆ ದರ ಮೊದಲೇ ಕಾಣುತ್ತದೆ, ಸಾಕು.

ಆರೋಗ್ಯದ ವಿಷಯದಲ್ಲಿ ದಯವಿಟ್ಟು ಉದಾಸೀನ ಮಾಡಬೇಡಿ. ಹೊರಡುವ ಮುಂಚೆ ನಿಮ್ಮ ಡಾಕ್ಟರ ಹತ್ತಿರ ಇಂಗ್ಲಿಷಿನಲ್ಲಿ ಟೈಪ್ ಮಾಡಿದ ಚೀಟಿ ತಗೊಳ್ಳಿ, ಅದರಲ್ಲಿ ಕಂಪನಿ ಹೆಸರಲ್ಲ, ಔಷಧದ ಮೂಲ ಹೆಸರು ಇರಬೇಕು. ಟೆಲ್ಮಿಸಾರ್ಟನ್, ಮೆಟ್‌ಫಾರ್ಮಿನ್ ಅಂದರೆ ಅಲ್ಲಿನ ಔಷಧಿ ಅಂಗಡಿಯವರಿಗೆ ಅರ್ಥವಾಗುತ್ತದೆ, ನಮ್ಮ ಬ್ರ್ಯಾಂಡ್ ಹೆಸರು ಹೇಳಿದರೆ ಆಗಲ್ಲ. ಮಾತ್ರೆಯನ್ನು ಅದರ ಪಟ್ಟಿಯಲ್ಲೇ ಇಡಿ, ಅರ್ಧ ಭಾಗ ಕೈಚೀಲದಲ್ಲಿರಲಿ. ವಿಮೆ ಮಾಡಿಸುವಾಗ ಬಿಪಿ, ಸಕ್ಕರೆ ಕಾಯಿಲೆ, ಹಾಕಿಸಿದ ಸ್ಟೆಂಟ್ ಎಲ್ಲವನ್ನೂ ಬಾಯಿಬಿಟ್ಟು ಹೇಳಿ, ಮುಚ್ಚಿಟ್ಟರೆ ಕ್ಲೇಮಿನ ದಿನ ಅದೇ ಕಾರಣವಾಗುತ್ತದೆ. ಡನಾಂಗ್ ಮುಟ್ಟಿದ ವಾರದಲ್ಲೇ, ಏನೂ ತೊಂದರೆ ಇಲ್ಲದಾಗಲೇ, ಒಂದು ಆಸ್ಪತ್ರೆ ನೋಡಿ ಬನ್ನಿ. ವಿನ್‌ಮೆಕ್, ಹೊವಾನ್ ಮೀ ಎರಡೂ ದೊಡ್ಡವು. ಆಂಬುಲೆನ್ಸಿಗೆ 115, ಪೊಲೀಸರಿಗೆ 113. ಮನೆಯ ವಿಳಾಸವನ್ನು ಅವರ ಭಾಷೆಯಲ್ಲಿ ಬರೆಸಿ ಇಬ್ಬರ ಜೇಬಿನಲ್ಲೂ ಇಡಿ. ಒಬ್ಬರಿಗೆ ಹುಷಾರಿಲ್ಲದಾಗ ಇನ್ನೊಬ್ಬರು ಫೋನ್ ಮಾಡಬೇಕು, ಗ್ರ್ಯಾಬ್ ಕರೆಯಬೇಕು, ದುಡ್ಡು ಕೊಡಬೇಕು. ನಮ್ಮ ಪೀಳಿಗೆಯಲ್ಲಿ ಎಷ್ಟೋ ಮನೆಗಳಲ್ಲಿ ಕಾರ್ಡ್, ಪಿನ್, ಆ್ಯಪ್ ಎಲ್ಲ ಗಂಡನ ಕೈಯಲ್ಲೇ ಇರುತ್ತದೆ. ಇದನ್ನು ಇಲ್ಲಿಂದ ಹೊರಡುವ ಮುಂಚೆಯೇ ಸರಿ ಮಾಡಿಕೊಳ್ಳಿ, ಹೆಂಗಸರು ಕಲಿತೇ ವಿಮಾನ ಹತ್ತಲಿ.

ಊಟಕ್ಕೆ ಹೆದರಬೇಡಿ. ಬೌದ್ಧರಲ್ಲಿ ಸಸ್ಯಾಹಾರದ ವ್ರತ ಇದೆ, ಚಾಂದ್ರಮಾನದ 1 ಮತ್ತು 15ನೇ ದಿನ ಬಹಳ ಜನ ಮಾಂಸ ಮುಟ್ಟುವುದಿಲ್ಲ. ಬೋರ್ಡಿನಲ್ಲಿ ಚಾಯ್ ಅಂತ ಇದ್ದರೆ ಅದು ಸಸ್ಯಾಹಾರದ ಹೋಟೆಲ್. ಬೇರೆ ಕಡೆ ಬರೀ ತರಕಾರಿ ಅಂದರೂ ಮೀನಿನ ಸಾಸ್ ಬಿದ್ದಿರಬಹುದು, ಕಟ್ಟುನಿಟ್ಟಿನವರು ಚಾಯ್ ಹೋಟೆಲಿನಲ್ಲೇ ತಿನ್ನಿ. ಮನೆಯಲ್ಲಿ ಮಾಡಿಕೊಳ್ಳುವುದಂತೂ ಸುಲಭ. ಅಕ್ಕಿ, ತೆಂಗಿನಕಾಯಿ, ಹುಣಸೆ, ಹೆಸರುಕಾಳು, ಬಾಳೆ ಹೂವು, ಸೊಪ್ಪು ಎಲ್ಲ ಮಾರುಕಟ್ಟೆಯಲ್ಲಿದೆ. ಬುನ್ ಅನ್ನುವ ಅಕ್ಕಿ ಶಾವಿಗೆ ತಾಜಾ ಸಿಗುತ್ತದೆ, ನಿಂಬೆಹಣ್ಣು ಹಿಂಡಿ ಒಗ್ಗರಣೆ ಹಾಕಿದರೆ ಬೆಳಗಿನ ತಿಂಡಿ ಆಯಿತು. ತೊಗರಿಬೇಳೆ, ಸಾಸಿವೆ, ಇಂಗು, ಸಾರಿನ ಪುಡಿ ಮಾತ್ರ ಇಲ್ಲಿಂದ ಪೊಟ್ಟಣ ಕಟ್ಟಿ ಒಯ್ಯಿರಿ. ಯುಗಾದಿ ಅಲ್ಲೇ ಬರುತ್ತದಲ್ವಾ, ಒಂದಿಷ್ಟು ಒಣಗಿದ ಬೇವಿನ ಹೂವು, ಒಂದು ಅಚ್ಚು ಬೆಲ್ಲ ಇರಲಿ. ಕಾಫಿ ಪುಡಿಯೂ ಬೇಕು. ಅಲ್ಲಿ ಕಾಫಿಗೆ ಬರವಿಲ್ಲ, ಆದರೆ ಅದು ಹೆಚ್ಚಾಗಿ ರೋಬಸ್ಟಾ, ಜೊತೆಗೆ ಗಟ್ಟಿ ಸಿಹಿ ಹಾಲು, ಸಕ್ಕರೆ ಕಾಯಿಲೆಯವರಿಗೆ ಆಗದು. ನಲ್ಲಿ ನೀರು ಕುಡಿಯಬೇಡಿ, ಕ್ಯಾನ್ ಮನೆಗೇ ತಂದು ಕೊಡುತ್ತಾರೆ.

ದುಡ್ಡಿನ ಲೆಕ್ಕ ಹೀಗೆ: ಒಂದು ಲಕ್ಷ ಡಾಂಗ್ ಅಂದರೆ ಸುಮಾರು ಮುನ್ನೂರು ಚಿಲ್ಲರೆ ರೂಪಾಯಿ. 20,000 ಮತ್ತು 5,00,000ದ ನೋಟು ಎರಡೂ ನೀಲಿ. ಅವನ್ನು ಬೇರೆ ಬೇರೆ ಅರೆಯಲ್ಲಿ ಇಡಿ. ಎಟಿಎಂ ರೂಪಾಯಿಯಲ್ಲಿ ಕಡಿತ ಮಾಡಲಾ ಅಂತ ಕೇಳಿದರೆ ಬೇಡ, ಡಾಂಗ್‌ನಲ್ಲೇ ಅನ್ನಿ. ಬ್ಯಾಂಕಿನ ಒಟಿಪಿ ಬರಲು ಊರಿನ ಸಿಮ್ಮಿಗೆ ರೋಮಿಂಗ್ ಹಾಕಿಸಿರಿ.

ದಿನ ಕಳೆಯುವುದು ಹೇಗೆ ಅನ್ನುವ ಯೋಚನೆ ಬೇಡ. ಬೆಳಗ್ಗೆ ಐದಕ್ಕೇ ಮೀ ಖೇ ಬೀಚಿನಲ್ಲಿ ಅಲ್ಲಿನ ವಯಸ್ಸಾದವರು ವ್ಯಾಯಾಮ ಮಾಡುತ್ತಿರುತ್ತಾರೆ, ಕುಕ್ಕರಹಳ್ಳಿ ಕೆರೆಗೆ ವಾಕಿಂಗ್ ಹೋಗುವವರಿಗೆ ಆ ಸಮಯ ಹೊಸದಲ್ಲ. ಹಿಂದೆ ಆ ಭಾಗದಲ್ಲಿದ್ದ ಚಂಪಾ ರಾಜ್ಯದ ಚಾಮ್ ಜನರ ಶಿಲ್ಪಗಳ ಮ್ಯೂಸಿಯಂ ನದಿಯ ಹತ್ತಿರವೇ ಇದೆ, 1919ರದ್ದು. ಅಲ್ಲಿ ಶಿವ, ಗಣಪತಿ ನೋಡಿದ ಮೇಲೆ ಸುಮಾರು 70 ಕಿಲೋಮೀಟರ್ ದೂರದ ಮೀ ಸನ್‌ಗೆ ಹೋಗಿ. ಚಂಪಾ ರಾಜರು ಇಟ್ಟಿಗೆಯಲ್ಲಿ ಕಟ್ಟಿದ ಶಿವಾಲಯಗಳು, ಸಂಸ್ಕೃತ ಶಾಸನಗಳು, 1999ರಿಂದ ಯುನೆಸ್ಕೋ ಪಟ್ಟಿಯಲ್ಲಿವೆ. ನಮ್ಮ ಪುರಾತತ್ವ ಇಲಾಖೆಯವರು ಅಲ್ಲಿ ಜೀರ್ಣೋದ್ಧಾರ ಮಾಡುವಾಗ 2020ರಲ್ಲಿ ಏಕಶಿಲೆಯ ಶಿವಲಿಂಗವೊಂದು ಸಿಕ್ಕಿತು. ಬಿಸಿಲೇರುವ ಮುಂಚೆ ಹೋಗಿ, ನಡೆಯುವುದು ಬಹಳ ಇದೆ. ಮಾರ್ಬಲ್ ಬೆಟ್ಟಕ್ಕೆ ಲಿಫ್ಟ್ ಇದೆ, ಮಂಡಿ ನೋವಿನವರಿಗೆ ಒಂದಷ್ಟು ಮೆಟ್ಟಿಲು ತಪ್ಪುತ್ತವೆ. ವಾರಕ್ಕೆ ಒಂದೇ ಊರು ನೋಡಿ, ಸಾಕು.

ಮೈಸೂರಿನ ಮನೆಗೆ ಬೀಗ ಹಾಕುವ ಮುಂಚೆ ಸೆಸ್ಕ್‌ನ ಕರೆಂಟ್ ಬಿಲ್ಲು, ನೀರಿನ ಬಿಲ್ಲು ಆನ್‌ಲೈನ್‌ಗೆ ಹಾಕಿ, ಹಾಲು, ಪೇಪರ್ ನಿಲ್ಲಿಸಿ, ಹತ್ತಿರದ ಠಾಣೆಗೆ ಒಂದು ಮಾತು ತಿಳಿಸಿ. ಒಂದು ಕೀಲಿ ಪಕ್ಕದ ಮನೆಯವರ ಹತ್ತಿರ ಇರಲಿ, ತುಳಸಿಗೆ ನೀರು ಹಾಕುವವರೂ ಅವರೇ. ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ಕೆಎಸ್‌ಆರ್‌ಟಿಸಿಯ ಫ್ಲೈಬಸ್ ಸಾಕು, ಟ್ಯಾಕ್ಸಿ ಖರ್ಚು ಯಾಕೆ.

ವಾಪಸ್ ಬರುವ ವಾರಕ್ಕೆ ಮುಂಚೆಯೇ ಮುಂಗಡದ ವಿಷಯ ಎತ್ತಿ, ಮೀಟರಿನ ಹಳೇ ಫೋಟೋ ತೋರಿಸಿ ಲೆಕ್ಕ ಮುಗಿಸಿ. ಉಳಿದ ಡಾಂಗ್ ಅಲ್ಲೇ ಬದಲಾಯಿಸಿಕೊಳ್ಳಿ, ಮೈಸೂರಿನಲ್ಲಿ ಅದನ್ನು ತಗೊಳ್ಳುವವರು ಸಿಗುವುದು ಕಷ್ಟ.