ಆಲಮಟ್ಟಿ ಹಿನ್ನೀರಿನಲ್ಲಿ ಹಾಯಿದೋಣಿಗೆ ರಾತ್ರಿ ಲಂಗರು

ಆಲಮಟ್ಟಿ ಹಿನ್ನೀರಿನ ಕೆಳಗಿರುವುದು ಊರು, ಹೊಲ, ಬಾವಿ, ಜಾಲಿಗಿಡ. ಜಲಾಶಯ ತುಂಬಿ, ನೀರು ಸಮುದ್ರಮಟ್ಟದಿಂದ 519.60 ಮೀಟರ್ ಎತ್ತರಕ್ಕೆ ನಿಂತಾಗ ಇವ್ಯಾವೂ ಕಣ್ಣಿಗೆ ಬೀಳುವುದಿಲ್ಲ. ಹಾಗಾಗಿ ಲಂಗರಿನ ಜಾಗ ಹುಡುಕಬೇಕಾದದ್ದು ನೀರು ಇಳಿದ ಬೇಸಿಗೆಯಲ್ಲಿ. ಏಪ್ರಿಲ್, ಮೇ ತಿಂಗಳಲ್ಲಿ ದಂಡೆ ಸುತ್ತಿ, ಬೋಳು ಎರೆಹೊಲ ಎಲ್ಲಿದೆ, ಹಾಳುಗೋಡೆ ಎಲ್ಲಿದೆ ಎಂದು ಫೋನಿನ ಜಿಪಿಎಸ್‌ನಲ್ಲಿ ಗುರುತು ಹಾಕಿಕೊಳ್ಳಿ. ಮೀನು ಹಿಡಿಯುವವರನ್ನು ಕೇಳಿ: ಬಲೆ ಎಲ್ಲೆಲ್ಲಿ ಹರಿಯುತ್ತದೆ? ಅಲ್ಲೆಲ್ಲ ನಿಮ್ಮ ಲಂಗರೂ ಸಿಕ್ಕಿಕೊಳ್ಳುತ್ತದೆ. ಹಳೆ ಬಾಗಲಕೋಟೆಯ ಮುಳುಗಡೆ ಭಾಗವನ್ನಂತೂ ಬಿಟ್ಟೇಬಿಡಿ. ಮಳೆಗಾಲದಲ್ಲಿ ಹಳೆಯ ನದಿಪಾತ್ರದ ನಡುವೆಯೂ ಬೇಡ, ಗೇಟು ತೆಗೆದಾಗ ಅಲ್ಲಿ ಸೆಳವು ಹೆಚ್ಚು.

ಜಾಗಕ್ಕೆ ಬಂದ ಮೇಲೆ ತಳ ನೋಡಿ. ಸೀಸದ ಗುಂಡಿನ ಅಡಿಗೆ ಗ್ರೀಸ್ ಮೆತ್ತಿ ಹಗ್ಗದಲ್ಲಿ ಇಳಿಬಿಡಿ. ಕರಿಮಣ್ಣು ಅಂಟಿಕೊಂಡು ಬಂದರೆ ಒಳ್ಳೆಯದು. ಗ್ರೀಸಿನ ಮೇಲೆ ಬರೀ ಗೀರು ಬಿದ್ದಿದ್ದರೆ ಕೆಳಗೆ ಕಲ್ಲು, ಮುಂದೆ ಹೋಗಿ.

20 ಅಡಿ ದೋಣಿಗೆ 7 ಕೆಜಿಯ ಡ್ಯಾನ್‌ಫೋರ್ತ್ ಲಂಗರು (ಎರಡು ಚಪ್ಪಟೆ ಎಲೆಗಳು ಮಣ್ಣಿಗೆ ನಾಟಿಕೊಳ್ಳುವ ಬಗೆ), 8 ಮಿಮೀ ಸರಪಳಿ 5 ಮೀಟರ್, ಅದರ ಹಿಂದೆ 12 ಮಿಮೀ ನೈಲಾನ್ ಹಗ್ಗ ಸಾಕು. ಉದ್ದದ ಲೆಕ್ಕದಲ್ಲೇ ಹೆಚ್ಚಿನವರು ಎಡವುವುದು. ಆಳ 4 ಮೀಟರ್, ನೀರಿನಿಂದ ದೋಣಿಯ ಮೂತಿಗೆ 1 ಮೀಟರ್, ಒಟ್ಟು 5. ರಾತ್ರಿ ನಿಲ್ಲಲು ಇದರ ಏಳು ಪಟ್ಟು, ಅಂದರೆ ಸರಪಳಿ ಸೇರಿ 35 ಮೀಟರ್ ಬಿಡಬೇಕು. ಜುಲೈ, ಆಗಸ್ಟಿನಲ್ಲಿ ನೀರು ಏರುತ್ತಿದ್ದರೆ, ಏರುವ ಪ್ರತಿ ಮೀಟರಿಗೆ ಇನ್ನೂ 7 ಮೀಟರ್. ದಂಡೆಯಲ್ಲಿ ನೀರಿನಂಚಿಗೆ ಗೂಟ ಹೊಡೆದಿಟ್ಟರೆ ಏರಿದ್ದು ಇಳಿದದ್ದು ಬೆಳಿಗ್ಗೆ ತಿಳಿಯುತ್ತದೆ. ದೋಣಿ ಲಂಗರಿನ ಸುತ್ತ ಸುಮಾರು 40 ಮೀಟರ್ ದೂರದವರೆಗೆ ತಿರುಗುತ್ತದೆ, ಅಷ್ಟರೊಳಗೆ ದಂಡೆ, ಬಲೆ ಇರಬಾರದು.

ಗಾಳಿಗೆ ಮುಖ ಮಾಡಿ, ಹಾಯಿ ಇಳಿಸಿ, ದೋಣಿ ಪೂರ್ತಿ ನಿಂತ ಮೇಲೆ ಲಂಗರನ್ನು ಇಳಿಬಿಡಿ. ಎಸೆದರೆ ಸರಪಳಿ ಅದರ ಮೇಲೇ ಗುಡ್ಡೆ ಬೀಳುತ್ತದೆ. ದೋಣಿ ಹಿಂದೆ ಸರಿದಂತೆ ಹಗ್ಗ ಬಿಡುತ್ತ, ಆಳದ ಮೂರು ಪಟ್ಟಾದಾಗ ಒಮ್ಮೆ ಬಿಗಿಹಿಡಿದು ಕಚ್ಚಿಸಿ, ಉಳಿದದ್ದು ಬಿಡಿ. ಕೊನೆಗೆ ಎಂಜಿನ್ನಿನಿಂದ ಅರ್ಧ ನಿಮಿಷ ಹಿಂದಕ್ಕೆ ಎಳೆಯಿರಿ. ದಂಡೆಯ ಗುಡಿಗೋಪುರ, ಅದರ ಹಿಂದಿನ ಮರ ಒಂದೇ ಸಾಲಿನಲ್ಲಿ ನಿಂತಿರಬೇಕು. ಸಾಲು ಬಿಟ್ಟುಕೊಂಡರೆ ಲಂಗರು ಜಾರುತ್ತಿದೆ.

ಬೇಸಿಗೆಯ ಗುಡುಗುಮಳೆ ಹತ್ತಿರ ಬಂದರೆ ಸಂಜೆ ಗಾಳಿಗೆ ಮರೆಯಾಗಿದ್ದ ಜಾಗ ಮರೆಯಾಗಿ ಉಳಿಯುವುದಿಲ್ಲ. ಗಾಳಿ ಏಕಾಏಕಿ ಎದುರು ದಿಕ್ಕಿಗೆ ತಿರುಗುತ್ತದೆ, ಲಂಗರು ಮಗುಚುತ್ತದೆ. ಎರೆಮಣ್ಣಿನ ಹೆಂಟೆ ಅದರ ಎಲೆಗಳಿಗೆ ಮೆತ್ತಿಕೊಂಡು ಮತ್ತೆ ನಾಟಿಕೊಳ್ಳುವುದಿಲ್ಲ, ತಳದ ಮೇಲೆ ಬಂಡಿಯಂತೆ ಉರುಳುತ್ತದೆ. ಹಗ್ಗ ಉದ್ದ ಮಾಡಿದರೆ ಪ್ರಯೋಜನವಿಲ್ಲ. ಎತ್ತಿ, ಮಣ್ಣು ಕೆರೆದು, ಮತ್ತೆ ಹಾಕಬೇಕು.

ಕತ್ತಲಾದ ಮೇಲೆ ಸುತ್ತಲೂ ಬೆಳಗುವ ಬಿಳಿ ದೀಪ ಹಚ್ಚಿಡಿ, ನಸುಕಿನಲ್ಲಿ ತೆಪ್ಪದವರು ಬಲೆ ಎತ್ತಲು ಬರುತ್ತಾರೆ.

ಜಾಲಿಬೊಡ್ಡೆಯ ಅನುಮಾನವಿದ್ದರೆ ಲಂಗರಿನ ಬೆನ್ನಿಗೆ (ಎಲೆಗಳು ಸೇರುವ ತುದಿಗೆ) ಆಳಕ್ಕಿಂತ ತುಸು ಉದ್ದದ ಇನ್ನೊಂದು ಹಗ್ಗ ಕಟ್ಟಿ, ತುದಿಗೆ ಖಾಲಿ ಕ್ಯಾನು ತೇಲಿಬಿಡಿ. ಸಿಕ್ಕಿಕೊಂಡಾಗ ಅದನ್ನು ಹಿಡಿದು ಹಿಮ್ಮುಖವಾಗಿ ಎಳೆಯಬಹುದು. ಅದಕ್ಕೂ ಬಗ್ಗದಿದ್ದರೆ ದೊಡ್ಡ ಹಗ್ಗ ಕತ್ತರಿಸಿ, ಜಿಪಿಎಸ್‌ನಲ್ಲಿ ಗುರುತಿಟ್ಟು ಹೊರಡಿ. ದಂಡೆ ಹತ್ತಿರದ್ದಾದರೆ ಮೇ ತಿಂಗಳಲ್ಲಿ ನಡೆದುಕೊಂಡೇ ಹೋಗಿ ತರಬಹುದು.