ತಲೆಗೆ ಹತ್ತು ರೂಪಾಯಿ ಲೆಕ್ಕದಲ್ಲಿ ಸಂಘಗಳ ಆಫೀಸು ನಡೆಸಿದ್ದು - ನನ್ನ ಅನುಭವ

ಉತ್ತರ ಕನ್ನಡದ ಹಳಿಯಾಳದ ಕಡೆ ಸಿದ್ದಿ (ಆಫ್ರಿಕಾ ಮೂಲದ ಸಮುದಾಯ) ಹೆಣ್ಮಕ್ಕಳ ಸ್ವಸಹಾಯ ಸಂಘಗಳ ಹತ್ರ ಫೀ ಇಸ್ಕೊಂಡು ಲೆಕ್ಕ ಬರೆದು ಕೊಡ್ತೀನಿ ಅಂದಾಗ ನಕ್ಕವ್ರೇ ಜಾಸ್ತಿ. ಕೂಲಿಗೆ ಹೋಗೋರು ನಿಂಗೆ ದುಡ್ಡು ಕೊಡ್ತಾರಾ, ಯಾವ್ದಾದ್ರೂ ಫಂಡಿಂಗ್ ಹುಡುಕು ಅಂತ ಬುದ್ಧಿ ಹೇಳಿದ್ರು. ಈಗ ನಲವತ್ತರ ಆಸುಪಾಸು ಸಂಘ ಇದಾವೆ, ಬಾಕಿ ಉಳಿಸ್ಕೊಂಡಿರೋದು ಮೂರೋ ನಾಲ್ಕೋ ಅಷ್ಟೆ.

ಮೊದಲ ವರ್ಷ ನಾನೂ ಎಲ್ಲಾರ ಥರಾನೇ ಪ್ರೊಜೆಕ್ಟರ್ ಬಾಡಿಗೆ ತಂದು, ಊಟ ಹಾಕಿಸಿ, ಟ್ರೈನಿಂಗ್ ಅಂತ ಮಾಡ್ದೆ. ಪಲಾವ್ ಚೆನ್ನಾಗಿತ್ತು ಅಂದ್ರು, ಪುಸ್ತಕ ಮಾತ್ರ ಯಾರೂ ಬರೀಲಿಲ್ಲ. ಇನ್ನೊಂದು ದೊಡ್ಡ ತಪ್ಪು ಅಂದ್ರೆ ಸಿಕ್ಕ ಸಿಕ್ಕ ಗುಂಪನ್ನೆಲ್ಲಾ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ ಕೆಳಗೆ ಸೊಸೈಟಿ ಅಂತ ರಿಜಿಸ್ಟರ್ ಮಾಡ್ಸಿದ್ದು. ಏಳು ಜನ ಸಿಕ್ರೆ ಸಾಕು, ಸೈ ಹಾಕ್ಸೋದೇ. ಆಮೇಲೆ ವರ್ಷಾ ವರ್ಷಾ ಮಹಾಸಭೆ, ಅದಾದ 14 ದಿನದೊಳಗೆ ಆಡಳಿತ ಮಂಡಳಿಯವ್ರ ಪಟ್ಟಿ, ಆಡಿಟ್ ಎಲ್ಲಾ ಕೊಡ್ಬೇಕಲ್ಲ, ಅದು ಯಾರ ತಲೆ ಮೇಲೆ ಬಂತು? ನನ್ನ ತಲೆ ಮೇಲೆ. ಹತ್ತಿಪ್ಪತ್ತು ಜನ ಸೇರಿ ಉಳಿತಾಯ ಮಾಡೋ ಸಂಘಕ್ಕೆ ರಿಜಿಸ್ಟ್ರೇಷನ್ನೇ ಬೇಕಾಗಿರ್ಲಿಲ್ಲ. ದಂಡ, ಆಡಿಟರ್ ಫೀ, ಓಡಾಟ ಸೇರಿ ಅರವತ್ತೆಪ್ಪತ್ತು ಸಾವಿರ ಕೈಯಿಂದ ಹೋಯ್ತು, ಹೆಂಡ್ತಿಗೆ ಇನ್ನೂ ಪೂರ್ತಿ ಲೆಕ್ಕ ಹೇಳಿಲ್ಲ.

ಕ್ಲಿಕ್ ಆಗಿದ್ದು ಸಂತೆ ದಿನದ ಐಡಿಯಾ. ಹೆಂಗೂ ಸಂತೆಗೆ ಬರ್ತಾರೆ, ಪುಸ್ತಕ ಚೀಲದಲ್ಲಿ ಹಾಕ್ಕೊಂಡು ಬನ್ನಿ, ಅರ್ಧ ಗಂಟೇಲಿ ಬರೆದು ಕೊಡ್ತೀವಿ, ತಿಂಗಳಿಗೆ ಸದಸ್ಯರ ತಲೆಗೆ ಹತ್ತು ರೂಪಾಯಿ. ಹದಿನೈದು ಜನ ಇದ್ರೆ ನೂರೈವತ್ತು. ಒಂದಿನ ಒಬ್ಬ ಅಜ್ಜಿ ಕೂತು ಚಹಾ ಕುಡೀತಾ ಕೇಳಿದ್ರು, "ರೊಕ್ಕಾ ಕೊಟ್ರ ನಿನ್ನ ಬೈಬೌದಲ್ಲೋ ತಮ್ಮಾ?" ಬೈಬೌದು ಅಂದೆ. "ಹಂಗಾದ್ರ ಕೊಡ್ತೀವಿ ತಗೋ" ಅಂದ್ರು. ಬೈತಾರೆ ಕೂಡ, ಚೆನ್ನಾಗೇ ಬೈತಾರೆ.

ಬ್ಯಾಂಕಿನ ಕಥೆ ಹೇಳ್ಲೇಬೇಕು. ಒಂದು ಬ್ರಾಂಚಲ್ಲಿ ಸಂಘದ ಹದಿನಾಲ್ಕೂ ಜನರ ಕೆವೈಸಿ (ಗುರುತು, ವಿಳಾಸದ ದಾಖಲೆ) ತನ್ನಿ ಅಂತ ಮೂರು ಸಲ ವಾಪಸ್ ಕಳ್ಸಿದ್ರು. ಸ್ವಸಹಾಯ ಸಂಘದ ಖಾತೆ ತೆರೆಯೋಕೆ ಪದಾಧಿಕಾರಿಗಳ ಕೆವೈಸಿ ಸಾಕು ಅಂತ ಆರ್‌ಬಿಐ ನಿಯಮಾನೇ ಇದೆ, ಪ್ರಿಂಟ್ ತಗೊಂಡು ಹೋಗಿ ಟೇಬಲ್ ಮೇಲಿಟ್ಟೆ. ಅದಕ್ಕೂ ಮುಂಚೆ ಮ್ಯಾನೇಜರ್ ಹತ್ರ ಕೇಳೋ ಒಂದು ಪ್ರಶ್ನೆ ಇದೆ, ಅದನ್ನ ಇಲ್ಲಿ ಬರೆಯಲ್ಲ, ಬರೆದ್ರೆ ಅವ್ರೂ ಓದ್ತಾರೆ.

ಹೆಸರಿನ ಗೋಳೂ ಇದೆ. ನಮ್ಮಲ್ಲಿ ಒಂದೇ ಸಂಘದಲ್ಲಿ ಹಿಂದೂ, ಮುಸ್ಲಿಂ, ಕ್ರಿಶ್ಚಿಯನ್ ಸಿದ್ದಿಗಳು ಇರ್ತಾರೆ, ಆಧಾರಲ್ಲಿ ಒಂದು ಸ್ಪೆಲ್ಲಿಂಗು, ರೇಷನ್ ಕಾರ್ಡಲ್ಲಿ ಇನ್ನೊಂದು. ಜಾತಿ ಪ್ರಮಾಣಪತ್ರದ್ದು ಬೇರೆ ತಲೆನೋವು. ಉತ್ತರ ಕನ್ನಡದ ಸಿದ್ದಿಗಳಿಗೆ 2003ರಲ್ಲೇ ಎಸ್‌ಟಿ (ಪರಿಶಿಷ್ಟ ಪಂಗಡ) ಆಯ್ತು, ಬೆಳಗಾವಿ ಧಾರವಾಡದವ್ರಿಗೆ 2020ರವರೆಗೆ ಇರ್ಲಿಲ್ಲ. ಬೆಳಗಾವಿ ಜಿಲ್ಲೆ ಖಾನಾಪುರದಿಂದ ಮದುವೆಯಾಗಿ ಬಂದ ಹೆಣ್ಮಗಳು, ಇಲ್ಲೇ ಹುಟ್ಟಿದ ನಾದಿನಿ, ಇಬ್ರೂ ಸಿದ್ದಿಗಳೇ, ಆದ್ರೆ ಒಬ್ಬರ ಹತ್ರ ಕಾಗದ ಇತ್ತು ಇನ್ನೊಬ್ಬರ ಹತ್ರ ಇರ್ಲಿಲ್ಲ. ಅದಕ್ಕೇ ಸಂಘ ಶುರು ಮಾಡೋಕೆ ಮುಂಚೆ ಎಲ್ಲಾರ ಕಾಗದ ಒಂದೇ ಚಾಪೆ ಮೇಲೆ ಹರವಿ ನೋಡೋದು ರೂಢಿ ಮಾಡ್ಕೊಂಡಿದೀನಿ.

ಮಧ್ಯೆ ಸಂಘದ ಹೆಣ್ಮಕ್ಕಳು ಹೊಲಿಯೋ ಕೌದಿ (ಹಳೇ ಬಟ್ಟೆಯ ಹೊದಿಕೆ) ಮಾರಾಟಕ್ಕೂ ಕೈ ಹಾಕಿದ್ದೆ. ಅವ್ರು ಹಳೇ ಸೀರೆ ತುಂಡು ಇಟ್ಟು ಮೂಲೆಯಿಂದ ಹೊಲಿಗೆ ಶುರು ಮಾಡಿ ಸುತ್ತಾ ಬಂದು ನಡುವೆ ಮುಗಿಸ್ತಾರೆ, ನಾಲ್ಕು ಮೂಲೇಲಿ ಮಡಚಿದ ಚಿಕ್ಕ ಬಟ್ಟೆ, ಅದಕ್ಕೆ ಫೂಲಾ ಅಂತಾರೆ. ಟೈಮ್ ಉಳೀಲಿ ಅಂತ ನಾನು ಫೂಲಾ ಬಿಟ್ಬಿಡಿ ಅಂದೆ. ಯಾರೂ ಮಾತಾಡ್ಲಿಲ್ಲ, ಮುಂದಿನ ವಾರ ಒಂದೂ ಕೌದಿ ಬರ್ಲಿಲ್ಲ. ಮಾರಾಟ ಬಿಟ್ಟೆ. ವಾಯ್ಸ್ ನೋಟಲ್ಲಿ ಸಿದ್ದಿ ಕೊಂಕಣಿಯಲ್ಲೇ ಸಭೆ ನಡಾವಳಿ ತರ್ಸೋದು ಮಾತ್ರ ಸಕ್ಕತ್ ವರ್ಕ್ ಆಯ್ತು, ಕೇಳಿಸ್ಕೊಂಡು ನಮ್ ಆಫೀಸಲ್ಲಿ ಕೆಲ್ಸಕ್ಕಿರೋ ಹುಡುಗಿ ಕನ್ನಡದಲ್ಲಿ ಬರೀತಾಳೆ.

ಈಗ ತಿಂಗಳಿಗೆ ಆರು ಸಾವಿರದ ಹತ್ರ ಬರುತ್ತೆ. ಬಾಡಿಗೆ ಸಾವಿರದ ಎಂಟ್ನೂರು, ಹುಡುಗಿಗೆ ಮೂರೂವರೆ ಸಾವಿರ, ಉಳಿದಿದ್ದು ಜೆರಾಕ್ಸು ಚಹಾ. ನನ್ನ ಸಂಬಳ ಇದರಲ್ಲಿಲ್ಲ, ಅದಕ್ಕೆ ಹೊರಗಿನ ಅರ್ಜಿ ಟೈಪಿಂಗ್ ಇದೆ. ಹೋದ ಸಂತೇಲಿ ಆ ಅಜ್ಜಿ ಬಂದು ಪಾಸ್‌ಬುಕ್ಕಲ್ಲಿ ನಲವತ್ತು ರೂಪಾಯಿ ಕಟ್ ಆಗಿದ್ದು ತೋರ್ಸಿ, ಇದ್ಯಾಕ ಅಂತ ಕೇಳಿದ್ರು. ನಾನು ನೋಡೇ ಇರ್ಲಿಲ್ಲ.